ಬಾವುಟಗುಡ್ಡೆ ಮೇಲಿನ ಚಾಪೆಲ್: ಬಣ್ಣ, ಸುಣ್ಣ ಮತ್ತೆ ಮಂಗಳೂರಿನ ಮಳೆ

ಮಂಗಳೂರಿಗೆ ನೆಂಟರು ಬಂದ್ರೆ ಕರ್ಕೊಂಡು ಹೋಗಿ ತೋರಿಸೋ ಜಾಗಗಳಲ್ಲಿ ಬಾವುಟಗುಡ್ಡೆಯ ಅಲೋಶಿಯಸ್ ಕಾಲೇಜಿನ ಚಾಪೆಲ್ (ಪ್ರಾರ್ಥನಾ ಮಂದಿರ) ಒಂದು. ಹೊರಗಿಂದ ನೋಡಿದ್ರೆ ಅಂಥದ್ದೇನಿದೆ ಇದ್ರಲ್ಲಿ ಅನ್ಸುತ್ತೆ, ಒಳಗೆ ಕಾಲಿಟ್ಟು ತಲೆ ಎತ್ತಿದ್ರೆ ಮಾತ್ರ ಕತ್ತು ನೋವು ಬಂದ್ರೂ ಇಳಿಸೋ ಮನಸ್ಸಾಗಲ್ಲ, ಎತ್ತ ನೋಡಿದ್ರೂ ಬಣ್ಣ. ವ್ಯಾಟಿಕನ್‌ನಲ್ಲಿ ಚಿತ್ರಗಳಿಗೆ ಹೆಸರಾದ ಸಿಸ್ಟೈನ್ ಚಾಪೆಲ್ ಇದೆಯಲ್ಲ, ಇದನ್ನ ಭಾರತದ ಸಿಸ್ಟೈನ್ ಚಾಪೆಲ್ ಅಂತಾರೆ, ನಂಗಂತೂ ಆ ಹೋಲಿಕೆ ಹಿಡಿಸಲ್ಲ. ಅದು ಪೋಪ್‌ಗಳ ಮನೆದು, ಇದು ಕಾಲೇಜು ಹುಡುಗರದ್ದು.

ಇಟಲಿಯ ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿಗಳು ಮಂಗಳೂರಿಗೆ ಬಂದಿದ್ದು 1878ರ ಕೊನೆಗೆ. 1880ರಲ್ಲಿ ಕಾಲೇಜು ಶುರು ಮಾಡಿದ್ರು, ಐದಾರು ವರ್ಷದೊಳಗೆ ಚಾಪೆಲ್ಲೂ ಎದ್ದಿತು. ಆದ್ರೆ ಈಗ ನಾವು ನೋಡೋ ಚಿತ್ರಗಳು ಆಗ ಇರ್ಲಿಲ್ಲ. ಅವು 1899ರಿಂದ 1901ರ ಮಧ್ಯೆ ಆಂಟೋನಿಯೊ ಮೊಸ್ಕೇನಿ ಬರೆದಿದ್ದು. ಇಟಲಿಯ ಬೆರ್ಗಾಮೊ ಹತ್ರದ ಸ್ಟೆಜಾನೊ ಊರಿನವ್ರು, ಚಿತ್ರಕಲೆ ಕಲಿತು ಆಮೇಲೆ ಜೆಸ್ವಿಟ್ ಸೇರಿದೋರು, ಫಾದರ್ ಅಲ್ಲ, ಬ್ರದರ್, ಅಂದ್ರೆ ಪಾದ್ರಿ ದೀಕ್ಷೆ ಪಡೆಯದ ಸದಸ್ಯರು.

ಸೀಲಿಂಗ್ ಮೇಲಿರೋದು ಈ ಚಾಪೆಲ್‌ಗೆ ಹೆಸರಾದ ಸಂತ ಅಲೋಶಿಯಸ್ ಗೊನ್ಜಾಗನ ಕಥೆ. ದೊಡ್ಡ ಮನೆತನದ ಹಿರಿಮಗ, ಆಸ್ತಿ ಅಧಿಕಾರ ಎಲ್ಲಾ ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾಗಿ, ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡ, ಆಗ ಅವನಿಗೆ 23 ವರ್ಷ. ಕೆಳಗೆ ಬೆಂಚಲ್ಲಿ ಕೂರೋ ಹುಡುಗರಿಗಿಂತ ನಾಲ್ಕೈದು ವರ್ಷ ದೊಡ್ಡವನು ಅಷ್ಟೆ. ಆ ಹುಡುಗರಿಗೆ ಅಂತಾನೇ ಈ ಕಥೆ ಆರಿಸಿದ್ದು ಅಂತ ನನ್ನ ಲೆಕ್ಕ.

ಇನ್ನು ಕೆಲಸದ ವಿಷಯ. ಗೋಡೆ ಮೇಲಿರೋದು ಫ್ರೆಸ್ಕೊ, ಅಂದ್ರೆ ಸುಣ್ಣದ ಗಾರೆ ಹಸಿಯಾಗಿರುವಾಗ್ಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು, ಗಾರೆ ಒಣಗ್ತಾ ಗಾಳಿ ಹೀರಿ ಕಲ್ಲಿನಂತೆ ಆಗುವಾಗ ಬಣ್ಣವೂ ಅದ್ರೊಳಗೇ ಸಿಕ್ಕೊಳ್ಳುತ್ತೆ. ಹಾಗಾಗಿ ಆವತ್ತು ಎಷ್ಟು ಬರೀಬಹುದೋ ಅಷ್ಟೇ ಗಾರೆ ಮೆತ್ತೋದು, ತಪ್ಪಾದ್ರೆ ಒರೆಸೋಕಾಗಲ್ಲ, ಕಿತ್ತು ಮತ್ತೆ ಮೆತ್ತಬೇಕು. ಸೀಲಿಂಗಿಗೆ ಕ್ಯಾನ್ವಾಸ್ ಮೇಲೆ ತೈಲವರ್ಣ. ಇಟಲಿಯ ಈ ವಿದ್ಯೆಯನ್ನ ನಮ್ಮೂರಿನ ಜೂನ್-ಜುಲೈ ಮಳೆಗೆ ತಂದು ಒಡ್ಡಿದ್ದಾರೆ ಅಂತ ಯೋಚಿಸಿ ನೋಡಿ! ಬಟ್ಟೆಯೇ ಒಣಗದ ಊರಿದು.

ಮಳೆ ತನ್ನ ಕೆಲಸ ಮಾಡೇ ಮಾಡ್ತು, ತೇವಕ್ಕೆ ಚಿತ್ರಗಳು ಕೆಟ್ಟವು. 1990ರ ದಶಕದ ಶುರುವಲ್ಲಿ ಹಳೆ ಕಟ್ಟಡ, ಕಲೆಗಳನ್ನ ಕಾಪಾಡೋ ಸಂಸ್ಥೆ ಇಂಟ್ಯಾಕ್‌ನ ಲಕ್ನೋ ಕೇಂದ್ರದವ್ರು ಬಂದು ರಿಪೇರಿ ಮಾಡಿದ್ರು.

ಮೊಸ್ಕೇನಿ ಇದನ್ನೆಲ್ಲ ನೋಡೋಕೆ ಇರ್ಲಿಲ್ಲ ಬಿಡಿ. ಮುಂಬಯಿಯ ಹೋಲಿ ನೇಮ್ ಚರ್ಚಲ್ಲೂ ಚಿತ್ರ ಬರೆದು, ಕೊಚ್ಚಿಯ ಸಾಂತಾಕ್ರೂಸ್ ಚರ್ಚಿಗೆ ಹೋದೋರು 1905ರ ನವೆಂಬರ್ 15ಕ್ಕೆ ಅಲ್ಲೇ ತೀರಿಕೊಂಡ್ರು. ಆ ಚರ್ಚಿನ ಪ್ರತಿಷ್ಠಾಪನೆಗೆ ಇನ್ನು ನಾಲ್ಕೇ ದಿನ ಇತ್ತು.