ಚಿತ್ರಮಂದಿರದಲ್ಲಿ ಸರೌಂಡ್ ಸೌಂಡ್: ಕೊನೆಯ ಸಾಲಿನವರ ಲೆಕ್ಕ

ಸಿನಿಮಾದ ಚಿತ್ರವಿರುವುದು ಎದುರಿನ ಪರದೆಯಲ್ಲಿ ಮಾತ್ರ. ಸರೌಂಡ್ ಸೌಂಡ್ ಹೊರಡುವುದು ಪಕ್ಕದ ಮತ್ತು ಹಿಂದಿನ ಗೋಡೆಗಳಿಂದ. ಇದು ಸಿನಿಮಾಕ್ಕೆ ಹೊಂದುತ್ತದೆಯೇ ಎಂಬುದು ಯಾವ ಸದ್ದನ್ನು ಯಾವ ಸ್ಪೀಕರಿಗೆ ಒಪ್ಪಿಸಲಾಗಿದೆ ಎಂಬುದರ ಮೇಲೆ ನಿಂತಿದೆ.

ಸಂಭಾಷಣೆ ಸಾಮಾನ್ಯವಾಗಿ ರಂಧ್ರಗಳಿರುವ ಪರದೆಯ ಹಿಂದಿನ ನಡುವಣ ಸ್ಪೀಕರಿನಿಂದಲೇ ಬರುತ್ತದೆ. ಮನೆಯಲ್ಲಿ ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ ಎಡಬಲದ ಎರಡೇ ಸ್ಪೀಕರುಗಳು ನಡುವಿನಿಂದ ಮಾತು ಬಂದಂತೆ ಭಾಸ ಹುಟ್ಟಿಸಬಲ್ಲವು. ಥಿಯೇಟರಿನ ಅಂಚಿನ ಸೀಟಿನಲ್ಲಿ ಆ ಭಾಸ ಉಳಿಯುವುದಿಲ್ಲ, ಮಾತು ಹತ್ತಿರದ ಸ್ಪೀಕರಿನತ್ತ ಜಾರುತ್ತದೆ.

ಇನ್ನು ಕಷ್ಟದ ಭಾಗ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಕೊನೆಯ ಸಾಲಿನ ಪ್ರೇಕ್ಷಕರು ಪರದೆಯಿಂದ 25 ಮೀಟರ್, ಹಿಂಗೋಡೆಯ ಸ್ಪೀಕರಿನಿಂದ 3 ಮೀಟರ್ ದೂರದಲ್ಲಿದ್ದಾರೆ ಎಂದುಕೊಂಡರೆ, ಒಂದೇ ಗಳಿಗೆಯಲ್ಲಿ ಹೊರಟ ಹಿಂದಿನ ಸದ್ದು 9 ಮಿಲಿಸೆಕೆಂಡಿನಲ್ಲೂ ಮುಂದಿನದು 73 ಮಿಲಿಸೆಕೆಂಡಿನಲ್ಲೂ ಅವರನ್ನು ಮುಟ್ಟುತ್ತದೆ. ಒಂದೇ ಸದ್ದು ಎರಡು ಕಡೆಯಿಂದ ಸ್ವಲ್ಪವೇ ಅಂತರದಲ್ಲಿ ಬಂದರೆ, ಮೊದಲು ತಲುಪಿದ ದಿಕ್ಕನ್ನೇ ಕಿವಿ ನಂಬುತ್ತದೆ. ಇದಕ್ಕೆ ಹಾಸ್ ಪರಿಣಾಮ ಎಂದು ಹೆಸರು. 1970ರ ದಶಕದ ಡಾಲ್ಬಿ ಸ್ಟೀರಿಯೋ ಎಂಬ ಧ್ವನಿ ವ್ಯವಸ್ಥೆಯಲ್ಲಿ ನಾಲ್ಕು ವಾಹಿನಿಗಳನ್ನು, ಅಂದರೆ ಬೇರೆಬೇರೆ ಸ್ಪೀಕರುಗಳಿಗೆ ಹೋಗಬೇಕಾದ ಸದ್ದುಗಳನ್ನು, ಫಿಲ್ಮಿನ ಮೇಲೆ ಬೆಳಕಿನಿಂದ ಓದುವ ಎರಡೇ ಧ್ವನಿಪಟ್ಟಿಗಳಲ್ಲಿ (ಆಪ್ಟಿಕಲ್ ಟ್ರ್ಯಾಕ್) ಅಡಕಿಸುತ್ತಿದ್ದುದರಿಂದ, ನಾಯಕನ ಮಾತು ತುಸು ಸರೌಂಡಿಗೂ ಸೋರುತ್ತಿತ್ತು. ಹಾಗಾಗಿ ಸರೌಂಡ್ ವಾಹಿನಿಯನ್ನು ಬೇಕೆಂದೇ ತಡಮಾಡಿ ನುಡಿಸುತ್ತಿದ್ದರು. ಪರದೆಯ ಮಾತು ಮೊದಲು ತಲುಪಿದರೆ ಹಿಂದಿನ ಸೋರಿಕೆ ಗಮನಕ್ಕೆ ಬಾರದು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದು ವಾಹಿನಿಗಳು ಬೇರೆಬೇರೆಯಾದ ಮೇಲೆ ಸೋರಿಕೆ ನಿಂತಿತು, ದೂರದ ಲೆಕ್ಕ ನಿಲ್ಲಲಿಲ್ಲ.

ಮಳೆ, ಕಾಡು, ಜಾತ್ರೆಯ ಗದ್ದಲ ಇವೆಲ್ಲ ಸರೌಂಡಿಗೆ ಸಲ್ಲುತ್ತವೆ, ಏಕೆಂದರೆ ಅವುಗಳಿಗೆ ಒಂದು ನಿರ್ದಿಷ್ಟ ಮೂಲವಿಲ್ಲ. (ಒಂದೇ ಸ್ಪೀಕರಿನ ಟೂರಿಂಗ್ ಟಾಕೀಸಿನಲ್ಲಿ ಡೇರೆಯ ಮೇಲೆ ಬೀಳುವ ನಿಜವಾದ ಮಳೆಯೇ ಈ ಕೆಲಸ ಮಾಡುತ್ತಿತ್ತು.) ಕಥೆಗೆ ಮುಖ್ಯವಾದ ಚೂಪಾದ ಸದ್ದೊಂದು ಹಿಂದಿನಿಂದ ಬಂದರೆ ಪ್ರೇಕ್ಷಕರು ಹೊರಬಾಗಿಲಿನತ್ತ ತಿರುಗುತ್ತಾರೆ, ಆ ಕ್ಷಣಕ್ಕೆ ಸಿನಿಮಾ ಕೈತಪ್ಪುತ್ತದೆ. 1979ರ 'ಅಪೋಕ್ಯಾಲಿಪ್ಸ್ ನೌ' ಚಿತ್ರದಲ್ಲಿ ಹೆಲಿಕಾಪ್ಟರಿನ ಸದ್ದು ನಮ್ಮ ಸುತ್ತ ತಿರುಗಿದರೂ ಹೀಗಾಗದಿರುವುದು, ಅದು ಚಿತ್ರದ ಆರಂಭದಲ್ಲೇ, ಯಾರೂ ಮಾತಾಡುವ ಮೊದಲೇ ಬರುವುದರಿಂದ ಎಂದು ನನಗನಿಸುತ್ತದೆ.

2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ 64 ಸ್ಪೀಕರುಗಳವರೆಗೆ ಬೇರೆಬೇರೆ ಸದ್ದು ಕಳಿಸಬಲ್ಲದು, ಚಾವಣಿಯೂ ಅದರಲ್ಲಿ ಸೇರಿದೆ. ಅದಕ್ಕೂ ಹಿಂದಿನ 5.1 ವ್ಯವಸ್ಥೆಯಲ್ಲಿ (ಐದು ಮುಖ್ಯ ವಾಹಿನಿ, ತಗ್ಗು ಸದ್ದಿಗೆ ಇನ್ನೊಂದು) ಒಂದು ಬದಿಯ ಗೋಡೆಯ ಸ್ಪೀಕರುಗಳೆಲ್ಲ ಒಂದೇ ಸದ್ದನ್ನು ನುಡಿಯುವುದರಿಂದ ಅದು ಹರಡಿಕೊಂಡು ಕೇಳಿಸುತ್ತದೆ. ಅಟ್ಮಾಸ್‌ನಲ್ಲಿ ಒಂದೇ ಸ್ಪೀಕರಿಗೆ ಕೊಟ್ಟ ಸದ್ದು ಅದರ ಕೆಳಗೆ ಕುಳಿತವರಿಗೆ ಜೋರಾಗಿಯೂ ಎದುರು ಗೋಡೆಯ ಬಳಿಯವರಿಗೆ ಕ್ಷೀಣವಾಗಿಯೂ ಕೇಳುತ್ತದೆ.