‘ಅಸಿಂಧು’ ಅಂದರೆ ‘ರದ್ದು’ ಅಲ್ಲ

ಮಂಡ್ಯ ಕಡೆಯ ಸುದ್ದಿ ಓದುತ್ತಿದ್ದಾಗ ಮತ್ತೆ ಅದೇ ತಲೆಬರಹ ಕಣ್ಣಿಗೆ ಬಿತ್ತು: ‘ಬಾಲ್ಯವಿವಾಹ ರದ್ದು’. ಕೆಳಗೆ ಓದಿದರೆ, ಅಧಿಕಾರಿಗಳು ಚಪ್ಪರಕ್ಕೇ ಹೋಗಿ, ತಾಳಿ ಕಟ್ಟುವ ಮೊದಲೇ ನಿಲ್ಲಿಸಿದ್ದರು. ಅದು ತಡೆ. ಊಟ, ಚಪ್ಪರ, ಛತ್ರದ ಬುಕಿಂಗ್ ರದ್ದಾಯಿತು ಅನ್ನಿ, ಒಪ್ಪುತ್ತೇನೆ. ಆದರೆ ‘ಬಾಲ್ಯವಿವಾಹ ರದ್ದು’ ಅಂದಾಗ ಕಾನೂನಿನ ಮಾತು ಬರುತ್ತದೆ. ಅಲ್ಲಿ ಈ ಪದ ತಪ್ಪು. ಮದುವೆ ಆಗಿಹೋಗಿದ್ದರೂ ಕರ್ನಾಟಕದಲ್ಲಿ ಈ ಪದ ತಪ್ಪೇ. ಅಂಥ ಮದುವೆಗೆ ಬಳಸಬೇಕಾದ ಪದ ‘ಅಸಿಂಧು’, ಅಂದರೆ ಮೊದಲಿನಿಂದಲೇ ಲೆಕ್ಕಕ್ಕಿಲ್ಲದ್ದು.

‘ರದ್ದು’ ಅರಬ್ಬಿಯಿಂದ ಬಂದು ನಮ್ಮ ಕಚೇರಿಗಳಲ್ಲಿ ಬೇರೂರಿದ ಮಾತು. ಮೂಲದಲ್ಲಿ ಅದರ ಅರ್ಥ ಹಿಂದಿರುಗಿಸುವುದು, ತಳ್ಳಿಹಾಕುವುದು. ಹಿಂದಿರುಗಿಸಬೇಕಾದರೆ ಮೊದಲು ಏನಾದರೂ ಕೈಗೆ ಬಂದಿರಬೇಕು ಅಲ್ವಾ? ಲೈಸೆನ್ಸ್ ರದ್ದಾಗುತ್ತದೆ, ಏಕೆಂದರೆ ನಿನ್ನೆಯವರೆಗೆ ಅದು ಲೈಸೆನ್ಸೇ ಆಗಿತ್ತು. ‘ಅನೂರ್ಜಿತ’ ಕೂಡ ಓಡಾಡುತ್ತದೆ. ಊರ್ಜ ಅಂದರೆ ಬಲ, ಕಸುವು. ಊರ್ಜಿತವಾದದ್ದು ಕಸುವುಳ್ಳದ್ದು, ಅನೂರ್ಜಿತ ಅಂದರೆ ಕಸುವಿಲ್ಲದ್ದು. ಇದು ಪರವಾಗಿಲ್ಲ. ಆದರೆ ‘ಅನೂರ್ಜಿತಗೊಳಿಸಿದರು’ ಅಂದ ಕೂಡಲೇ ಇದ್ದ ಕಸುವನ್ನು ಯಾರೋ ಕಿತ್ತುಕೊಂಡ ಹಾಗಾಗುತ್ತದೆ. ‘ಅಸಿಂಧು’ವಿನಲ್ಲಿ ಆ ತೊಂದರೆ ಇಲ್ಲ. ಮತ ಎಣಿಸುವಾಗ ಅಸಿಂಧು ಮತವನ್ನು ಪಕ್ಕಕ್ಕೆ ಇಡುತ್ತಾರೆ. ಅದನ್ನು ಯಾರೂ ರದ್ದು ಮಾಡುವುದಿಲ್ಲ. ಪೆಟ್ಟಿಗೆಗೆ ಬೀಳುವಾಗಲೇ ಅದು ಲೆಕ್ಕಕ್ಕಿರಲಿಲ್ಲ.

ಇನ್ನೂ ಸುಲಭವಾಗಿ ಹೇಳುತ್ತೇನೆ. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ಹಳೇ ನೋಟುಗಳು ರದ್ದಾದವು. ಅಂದು ಬೆಳಿಗ್ಗೆ ಅದೇ ನೋಟು ಕೊಟ್ಟು ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ತಂದವರ ವ್ಯಾಪಾರ ಸರಿಯಾಗಿಯೇ ಇತ್ತು. ಖೋಟಾ ನೋಟು ಹಾಗಲ್ಲ. ಹತ್ತು ವರ್ಷ ಹತ್ತು ಕೈ ದಾಟಿದರೂ ಅದು ಒಂದು ದಿನವೂ ನೋಟಾಗಿರಲಿಲ್ಲ. ರದ್ದಾದ ಮದುವೆ ಹಳೇ ನೋಟು. ಅಸಿಂಧು ಮದುವೆ ಖೋಟಾ ನೋಟು.

2006ರ ಕೇಂದ್ರದ ಬಾಲ್ಯವಿವಾಹ ನಿಷೇಧ ಕಾಯ್ದೆ ಹಿಡಿದದ್ದು ಹಳೇ ನೋಟಿನ ದಾರಿ. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆ ಅಪರಾಧ ಅಂದಿತು. ಆದರೆ ಮದುವೆಯನ್ನು ಹಾಗೇ ಉಳಿಸಿತು. ಬೇಡ ಅನ್ನಿಸಿದರೆ ಆ ಮಗುವೇ ಕೋರ್ಟಿಗೆ ಹೋಗಿ ಕೇಳಬೇಕು. ಅದೂ ಕಾನೂನಿನ ಪ್ರಕಾರ ವಯಸ್ಕರಾಗಿ ಎರಡು ವರ್ಷ ತುಂಬುವುದರೊಳಗೆ. ಅಪ್ಪ, ಅಮ್ಮ, ಗಂಡ, ಅತ್ತೆ ಎಲ್ಲರೂ ಒಂದು ಕಡೆ ಇರುವಾಗ, ಹತ್ತೊಂಬತ್ತರ ಹುಡುಗಿ ಕೆ.ಆರ್. ಪೇಟೆಯಿಂದಲೋ ನಾಗಮಂಗಲದಿಂದಲೋ ಬಸ್ಸು ಹತ್ತಿ ವಕೀಲರನ್ನು ಹುಡುಕುತ್ತಾಳೆಯೇ? ಎಷ್ಟು ಹುಡುಗಿಯರಿಂದ ಅದು ಆದೀತು?

ಕರ್ನಾಟಕ ಆ ಭಾರವನ್ನು ಹುಡುಗಿಯ ತಲೆಯಿಂದ ಇಳಿಸಿತು. ರಾಜ್ಯದ ತಿದ್ದುಪಡಿಗೆ 2017ರ ಏಪ್ರಿಲ್ 20ರಂದು ರಾಷ್ಟ್ರಪತಿ ಅಂಕಿತ ಬಿತ್ತು. 3ನೇ ಸೆಕ್ಷನ್ನಿಗೆ (1ಎ) ಎಂಬ ಉಪಸೆಕ್ಷನ್ ಸೇರಿತು. ತಿದ್ದುಪಡಿ ಜಾರಿಯಾದ ಮೇಲೆ ನಡೆದ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, 18 ತುಂಬದ ಹೆಂಡತಿಯ ಜೊತೆಗಿನ ಲೈಂಗಿಕ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಿತು. ಉಳಿದ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿದರೆ ಒಳ್ಳೆಯದು ಎಂದು ಅದೇ ತೀರ್ಪಿನಲ್ಲಿ ಬರೆಯಿತು. ಈ ನೆಲಕ್ಕೆ ಇದು ಹೊಸದೂ ಅಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲೇ, ಮೈಸೂರು ಸಂಸ್ಥಾನ ಶಿಶುವಿವಾಹ ತಡೆಗೆ ಕಾಯ್ದೆ ತಂದಿತ್ತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಇಂದು ಓದಿದರೆ ಸಂಕಟವಾಗುತ್ತದೆ. ಆದರೂ ಬ್ರಿಟಿಷ್ ಇಂಡಿಯಾದ ಶಾರದಾ ಕಾಯ್ದೆ ಬರಲು ಅಲ್ಲಿಂದ ಇನ್ನೂ 35 ವರ್ಷ ಹಿಡಿಯಿತು.

ಪದ ತಪ್ಪಾದರೆ ಏನು ಮಹಾ ಅನ್ನುವವರಿಗೆ ಒಂದು ಮಾತು. ಬೀಗರ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಪಕ್ಕದವರಿಗೆ ಸಮಾಧಾನ ಹೇಳುವುದನ್ನು ನಾನೇ ಕೇಳಿದ್ದೇನೆ: “ಹದ್ನೆಂಟು ತುಂಬ್ಲಿ ಬಿಡಣ್ಣ, ಆಮೇಲೆ ರಿಜಿಸ್ಟರ್ ಮಾಡ್ಸಿದ್ರಾಯ್ತು, ಎಲ್ಲಾ ಸರಿಹೋಯ್ತದೆ.” ಸರಿಹೋಗುವುದಿಲ್ಲ. ಖೋಟಾ ನೋಟು ಹಳೆಯದಾದರೆ ಅಸಲಿ ಆಗುವುದಿಲ್ಲ. ‘ಯಾರಾದರೂ ರದ್ದು ಮಾಡಿಸುವವರೆಗೆ ಮದುವೆ ಗಟ್ಟಿ’ ಎಂಬ ನಂಬಿಕೆಯನ್ನು ಸುಮ್ನೆ ಸಾಕುತ್ತಿರುವುದು ಇಂಥ ತಲೆಬರಹಗಳೇ.

ಇದರ ತಿರುಗು ವಾದವೂ ಉಂಟು. ‘ಅಸಿಂಧು ಅಂದ ಮೇಲೆ ಮದುವೆಯೇ ಆಗಿಲ್ಲ, ಇನ್ನು ಕೇಸು ಯಾವುದರ ಮೇಲೆ?’ ಖೋಟಾ ನೋಟು ಛಾಪಿಸಿದವನು ಹೀಗೆ ಕೇಳಿದರೆ ಒಪ್ಪುತ್ತೀರಾ? ಮದುವೆಯಾದ ವಯಸ್ಕ ಗಂಡು, ಮಾಡಿಸಿದ ಪುರೋಹಿತರು, ಮುಂದೆ ನಿಂತ ಹೆತ್ತವರು ಎಲ್ಲರೂ ಅಪರಾಧಿಗಳೇ. ಎರಡು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ, ಜಾಮೀನು ಹಕ್ಕಾಗಿ ಸಿಗುವುದಿಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಬೇರೊಂದು ಪದದಿಂದ. ಇಂಥ ಮನೆಯಿಂದ ಹೊರಬಂದು ಮತ್ತೆ ಓದಲು ಸೇರಿದ ಹುಡುಗಿಯನ್ನು ಬೀದಿಯವರು ‘ಗಂಡ ಬಿಟ್ಟವಳು’ ಅನ್ನುತ್ತಾರೆ. ಸ್ವಲ್ಪ ಓದಿದವರು ‘ವಿಚ್ಛೇದಿತೆ’ ಅನ್ನುತ್ತಾರೆ. ಎರಡೂ ಸುಳ್ಳು. ಮದುವೆಯೇ ಇಲ್ಲದ ಕಡೆ ವಿಚ್ಛೇದನ ಎಲ್ಲಿಂದ ಬರಬೇಕು? ಹಾಸ್ಟೆಲ್ ಅರ್ಜಿಯ ಆ ಕಾಲಂನಲ್ಲಿ ಅವಳು ಬರೆಯಬೇಕಾದದ್ದು ‘ಅವಿವಾಹಿತೆ’.