ಪದ ಪರಿಚಯ: ಎಲೆಕ್ಟ್ರೋಪೋರೇಶನ್

ಮುಚ್ಚಳ ತಿರುಗಿಸುತ್ತಿದ್ದಂತೆ ಬುಸ್ಸೆಂದು ಉಕ್ಕುವ ಹಣ್ಣಿನ ರಸ, ಉಬ್ಬಿ ನಿಂತ ಪೊಟ್ಟಣ, ಮೂಗಿಗೆ ಬಡಿಯುವ ಹುದುಗಿನ ವಾಸನೆ. ಇದು ಬಹುಮಟ್ಟಿಗೆ ಯೀಸ್ಟಿನ ಕೆಲಸ. ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುವುದು ಅದರ ಜಾಯಮಾನ. ಹುಳಿ ಹೆಚ್ಚಿದ್ದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಹಿಂದೆ ಸರಿಯುತ್ತವೆ, ಯೀಸ್ಟ್ ಸರಿಯುವುದಿಲ್ಲ. ಅದರಲ್ಲೂ ಝೈಗೋಸ್ಯಾಕರೋಮೈಸಿಸ್ ಬೈಲಿ ಎಂಬ ಜಾತಿ ಬೆಂಜೊಯೇಟ್, ಸಾರ್ಬೇಟ್‌ನಂಥ ಸಂರಕ್ಷಕಗಳನ್ನು ಹಾಕಿದರೂ ಜಗ್ಗದಷ್ಟು ಗಟ್ಟಿ. ಕಾಯಿಸಿದರೆ ಸಾಯುತ್ತದೆ, ನಿಜ. ಆದರೆ ತಾಜಾ ರಸದ ಘಮವೂ ಅದರ ಜೊತೆಗೇ ಹೋಗುತ್ತದೆ. ಕಾಯಿಸದೆ ಕೊಲ್ಲುವ ದಾರಿ ಹುಡುಕಿದವರಿಗೆ ಸಿಕ್ಕ ಉತ್ತರಗಳಲ್ಲಿ ಒಂದು, ವಿದ್ಯುತ್ ಕ್ಷೇತ್ರ. ಅದು ಯೀಸ್ಟಿಗೆ ಮಾಡುವ ಗಾಯದ ಹೆಸರೇ ಎಲೆಕ್ಟ್ರೋಪೋರೇಶನ್: ಪ್ರಬಲ ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿದ ಜೀವಕೋಶದ ಪೊರೆಯಲ್ಲಿ ಅತಿಸಣ್ಣ ರಂಧ್ರಗಳು ಬೀಳುವುದು.

ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಒಳಗೂ ಹೊರಗೂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ತುಂಬಿದ ದ್ರವ, ನಡುವೆ ಕರೆಂಟ್ ಹರಿಯಗೊಡದ ಈ ತೆಳು ಪದರ. ಕೋಶವನ್ನು ಎರಡು ಎಲೆಕ್ಟ್ರೋಡ್‌ಗಳ ನಡುವೆ ಇಟ್ಟು ವೋಲ್ಟೇಜ್ ಕೊಟ್ಟರೆ ಅಯಾನುಗಳು ಪೊರೆಯ ಎರಡೂ ಬದಿಗೆ ಬಂದು ಜಮಾಯಿಸುತ್ತವೆ. ಹೀಗೆ ಪೊರೆಯ ಮೇಲೆ ಬೀಳುವ ವೋಲ್ಟೇಜ್ ಸುಮಾರು 1 ವೋಲ್ಟ್ ಮುಟ್ಟಿದರೆ ಪೊರೆ ತಡೆಯಲಾರದು. ಒಂದು ವೋಲ್ಟ್ ಏನು ಮಹಾ ಅನಿಸಬಹುದು. ಆದರೆ 5 ನ್ಯಾನೊಮೀಟರಿಗೆ 1 ವೋಲ್ಟ್ ಎಂದರೆ ಸೆಂಟಿಮೀಟರಿಗೆ 20 ಲಕ್ಷ ವೋಲ್ಟ್ ಲೆಕ್ಕ.

ಇಲ್ಲಿ ಯೀಸ್ಟಿನ ಗಾತ್ರವೇ ಅದಕ್ಕೆ ಮುಳುವು. ದುಂಡಗಿನ ಕೋಶವಾದರೆ, ಎಲೆಕ್ಟ್ರೋಡ್‌ಗಳತ್ತ ಮುಖ ಮಾಡಿದ ಭಾಗದ ಪೊರೆಯ ಮೇಲೆ ಬೀಳುವ ವೋಲ್ಟೇಜ್ ಹೊರಗಿನ ಕ್ಷೇತ್ರ ಮತ್ತು ಕೋಶದ ತ್ರಿಜ್ಯದ ಗುಣಲಬ್ಧದ ಒಂದೂವರೆ ಪಟ್ಟು. 5 ಮೈಕ್ರೊಮೀಟರ್ ಅಗಲದ ಯೀಸ್ಟಿಗೆ ಲೆಕ್ಕ ಹಾಕಿದರೆ ಸೆಂಟಿಮೀಟರಿಗೆ ಸುಮಾರು 2.7 ಕಿಲೊವೋಲ್ಟ್‌ಗೇ ಪೊರೆ ಆ ಮಿತಿ ಮುಟ್ಟುತ್ತದೆ. 1 ಮೈಕ್ರೊಮೀಟರಿನ ಬ್ಯಾಕ್ಟೀರಿಯಾಗೆ ಅದರ ಐದು ಪಟ್ಟು ಬೇಕು. ಸೂಕ್ಷ್ಮಜೀವಿಗಳ ಲೋಕದಲ್ಲಿ ಚಿಕ್ಕದಾಗಿರುವುದೂ ಒಂದು ರಕ್ಷಣೆ.

ರಂಧ್ರ ಬಿದ್ದ ಮಾತ್ರಕ್ಕೆ ಸಾವು ಎಂದಲ್ಲ. ಕ್ಷೇತ್ರ ಮಿತಿಯ ಆಸುಪಾಸಿನಲ್ಲಿದ್ದು ಬೇಗ ನಿಂತರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಕೋಶ ಬದುಕುತ್ತದೆ. ಪ್ರಯೋಗಾಲಯದಲ್ಲಿ ಕೋಶದೊಳಕ್ಕೆ ಡಿಎನ್ಎ ತೂರಿಸುವವರಿಗೆ ಬೇಕಾದದ್ದು ಇದೇ. 1982ರಿಂದ ಆ ದಾರಿ ಬಳಕೆಯಲ್ಲಿದೆ. ಆಹಾರ ಕೆಡದಂತೆ ನೋಡಿಕೊಳ್ಳುವವರಿಗೆ ಬೇಕಾದದ್ದು ತದ್ವಿರುದ್ಧ: ರಂಧ್ರ ಮುಚ್ಚಬಾರದು, ಒಳಗಿನದು ಹೊರಕ್ಕೆ ಸೋರಬೇಕು. ಅದಕ್ಕೇ ಕಾರ್ಖಾನೆಗಳು ಕನಿಷ್ಠಕ್ಕೆ ನಿಲ್ಲದೆ ಸೆಂಟಿಮೀಟರಿಗೆ 20ರಿಂದ 40 ಕಿಲೊವೋಲ್ಟ್‌ವರೆಗೂ ಹೋಗುತ್ತವೆ. ವೇಗವಾಗಿ ಬೆಳೆಯುತ್ತಿರುವ ಯೀಸ್ಟ್ ಬೇಗ ಬಲಿಯಾಗುತ್ತದೆ. ಬೆಳವಣಿಗೆ ನಿಲ್ಲಿಸಿ ಕೂತದ್ದು ಹೆಚ್ಚು ತಾಳಿಕೊಳ್ಳುತ್ತದೆ. ಬೀಜಾಣುವಾಗಿ ಕವಚದೊಳಗೆ ಅಡಗಿದ ಯೀಸ್ಟಂತೂ ಇನ್ನೂ ಹಟಮಾರಿ.

ಕೆಲಸ ನಡೆಯುವುದು ಹೀಗೆ. ಅರ್ಧ ಸೆಂಟಿಮೀಟರ್ ಅಂತರದ ಎಲೆಕ್ಟ್ರೋಡ್‌ಗಳ ನಡುವೆ ರಸವನ್ನು ಪಂಪ್ ಮಾಡುತ್ತಾ ಹೋಗುತ್ತಾರೆ. ಸೆಂಟಿಮೀಟರಿಗೆ 20 ಕಿಲೊವೋಲ್ಟ್ ಬೇಕೆಂದರೆ ಆ ಅಂತರಕ್ಕೆ 10,000 ವೋಲ್ಟ್ ಕೊಡಬೇಕು. ಸದಾ ಕೊಟ್ಟರೆ ರಸ ಕುದಿದುಹೋಗುತ್ತದೆ. ಹಾಗಾಗಿ ಕೆಲವೇ ಮೈಕ್ರೊಸೆಕೆಂಡುಗಳ ಹೊಡೆತಗಳಾಗಿ, ನಡುನಡುವೆ ಬಿಡುವು ಕೊಟ್ಟು ಹಾಯಿಸುತ್ತಾರೆ. ಪಲ್ಸ್ಡ್ ಎಲೆಕ್ಟ್ರಿಕ್ ಫೀಲ್ಡ್ ಎನ್ನುವುದು ಈ ವಿಧಾನವನ್ನೇ. ಶಾಖ ಇಲ್ಲವೇ ಇಲ್ಲ ಎನ್ನುವುದು ಮಾತ್ರ ಉತ್ಪ್ರೇಕ್ಷೆ: ಕಿಲೋ ರಸಕ್ಕೆ 100 ಕಿಲೊಜೂಲ್ ಶಕ್ತಿ ಸುರಿದರೆ ಅದು 25 ಡಿಗ್ರಿಯಷ್ಟು ಬಿಸಿಯಾಗುತ್ತದೆ, ತಣಿಸಲೇಬೇಕು. ಇನ್ನೊಂದು ಪೀಡೆ ಗಾಳಿಗುಳ್ಳೆ. ದ್ರವಕ್ಕಿಂತ ಗಾಳಿ ಬೇಗ ಸೋಲುವುದರಿಂದ ಗುಳ್ಳೆಯೊಳಗೆ ಕಿಡಿ ಹಾರುತ್ತದೆ. ಅದಕ್ಕೇ ಮೊದಲು ರಸದಿಂದ ಗಾಳಿ ತೆಗೆಯಬೇಕು. ಉಪ್ಪು ಹೆಚ್ಚಿರುವ ದ್ರವಗಳಲ್ಲಿ ಕರೆಂಟ್ ವಿಪರೀತ ಹರಿದು ಕ್ಷೇತ್ರ ಏರಿಸುವುದೇ ಕಷ್ಟ. ಹಣ್ಣಿನ ರಸಗಳಲ್ಲಿ ಈ ತಂತ್ರ ಹೊಂದಿಕೊಳ್ಳುವುದು ಸುಮ್ಮನೆ ಅಲ್ಲ.

ರಸದ ಬಣ್ಣ, ರುಚಿ ಕೆಡಿಸಬಲ್ಲ ಕಿಣ್ವಗಳು ಪೊರೆಯಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹೊಡೆತ ತಿಂದ ರಸವನ್ನು ಸಾಮಾನ್ಯವಾಗಿ ಫ್ರಿಜ್ಜಿನಲ್ಲೇ ಇಡುವುದಕ್ಕೆ ಅದೂ ಒಂದು ಕಾರಣ.

"ವಿದ್ಯುತ್ಕಾಂತೀಯ ಕ್ಷೇತ್ರದಿಂದ ಸಂರಕ್ಷಣೆ" ಎಂಬ ಒಂದೇ ಕೊಡೆಯಡಿ ಬೇರೆ ಸಂಗತಿಗಳೂ ನುಸುಳುತ್ತವೆ, ಅವನ್ನು ಬಿಡಿಸಿ ನೋಡಬೇಕು. 2450 ಮೆಗಾಹರ್ಟ್ಸ್‌ನ ಮೈಕ್ರೋವೇವ್, ಅದಕ್ಕಿಂತ ಕೆಳಗಿನ ರೇಡಿಯೋ ತರಂಗಗಳು ಯೀಸ್ಟನ್ನು ಕೊಲ್ಲುವುದು ಮುಖ್ಯವಾಗಿ ಬಿಸಿ ಮಾಡಿ. ಒಲೆಗಿಂತ ಬೇಗ, ಅಷ್ಟೆ. ಕಾಂತಕ್ಷೇತ್ರದ ಕತೆ ಇನ್ನೂ ಗೊಂದಲ: ಕೆಲವು ಪ್ರಯೋಗಗಳಲ್ಲಿ ಸೂಕ್ಷ್ಮಜೀವಿಗಳು ಕಡಿಮೆಯಾಗಿವೆ, ಕೆಲವದರಲ್ಲಿ ಏನೂ ಆಗಿಲ್ಲ, ಕೆಲವದರಲ್ಲಿ ಬೆಳವಣಿಗೆಯೇ ಹೆಚ್ಚಿದೆ. ಆಹಾರದ ಪಕ್ಕ ಇಟ್ಟರೆ ಸಾಕು, ಕೆಡುವುದಿಲ್ಲ ಎನ್ನುವ ಪೆಟ್ಟಿಗೆ ಯಾರಾದರೂ ತೋರಿಸಿದರೆ, ಸೆಂಟಿಮೀಟರಿಗೆ ಎಷ್ಟು ವೋಲ್ಟ್ ಎಂದು ಕೇಳಿ ನೋಡಿ.

ಈ ವಿದ್ಯೆ ಹೊಸದಲ್ಲ. ಜರ್ಮನಿಯ ಹೈನ್ಸ್ ಡೋವೆನ್‌ಸ್ಪೆಕ್ 1960ರಲ್ಲೇ ವಿದ್ಯುತ್ ಹೊಡೆತಗಳ ಬಗ್ಗೆ ಪೇಟೆಂಟಿಗೆ ಅರ್ಜಿ ಹಾಕಿದ್ದರು. 1967ರಲ್ಲಿ ಸೇಲ್ ಮತ್ತು ಹ್ಯಾಮಿಲ್ಟನ್ ಎಂಬ ಸಂಶೋಧಕರು, ಬ್ಯಾಕ್ಟೀರಿಯಾ ಹಾಗೂ ಯೀಸ್ಟ್ ಸಾಯುವುದು ಶಾಖದಿಂದಲ್ಲ, ಕ್ಷೇತ್ರದಿಂದಲೇ ಎಂದು ತೋರಿಸಿದರು. ಇಷ್ಟಾದರೂ ಇಂದು ಈ ಯಂತ್ರಗಳಿಗೆ ದೊಡ್ಡ ಗಿರಾಕಿ ರಸದ ಕಾರ್ಖಾನೆಗಳಲ್ಲ, ಆಲೂಗಡ್ಡೆಯವು. ಆಲೂಗಡ್ಡೆಯ ಕೋಶಗಳು ಯೀಸ್ಟಿಗಿಂತ ಎಷ್ಟೋ ದೊಡ್ಡವಾದ್ದರಿಂದ ಸೆಂಟಿಮೀಟರಿಗೆ 1 ಕಿಲೊವೋಲ್ಟ್ ಆಸುಪಾಸೇ ಸಾಕು; ಗಡ್ಡೆ ಮೆತ್ತಗಾಗಿ, ಚಿಪ್ಸ್ ಕೊಯ್ಯುವಾಗ ಒಡೆಯದೆ ನುಣುಪಾಗಿ ಬರುತ್ತದೆ.